ಎರಡನೆಯ ನೀಲಿ ವೈರು

"ಇಂಟರ್ನೆಟ್ ಹೋಯ್ತು" ಎಂಬ ಮಾತನ್ನು ನಮ್ಮ ಚರ್ಚಿನ ಬಾಲ್ಕನಿಯಲ್ಲಿ ಯಾರೂ ಆಡಕೂಡದೆಂದು ಹೇಳಿಟ್ಟಿದ್ದೇನೆ. ಲೈವ್ ನಿಂತರೂ ಅದೇ ಮಾತು, ಕ್ಯಾಮೆರಾ ತಿರುಗದಿದ್ದರೂ ಅದೇ ಮಾತು, ಕೀರ್ತನೆಯ ಸಾಲು ಟಿವಿಗೆ ಬಾರದಿದ್ದರೂ ಅದೇ. ಮೂರು ವರ್ಷ ನಾನೂ ಅದನ್ನೇ ಜಪಿಸಿದವನು. ಇಂಟರ್ನೆಟ್ ಕಂಪನಿಯ ಹುಡುಗನಿಗೆ ಎಷ್ಟು ಬೈದಿದ್ದೆನೆಂದರೆ ಕಡೆಕಡೆಗೆ ಅವನು ನನ್ನ ನಂಬರ್ ಕಂಡರೆ ಫೋನ್ ಎತ್ತುತ್ತಲೇ ಇರಲಿಲ್ಲ. ಈಗ ಡೈರಿ ತೆಗೆದು ನೋಡಿದರೆ ಆ ಮೂರು ವರ್ಷದಲ್ಲಿ ಹೊರಗಿನ ಲೈನು ಕೈಕೊಟ್ಟದ್ದು ಎರಡೇ ಭಾನುವಾರ. ಎರಡೂ ಸಲ ರಸ್ತೆ ಅಗೆದವರು ಫೈಬರ್ ಕಡಿದದ್ದು. ಉಳಿದ ಅವಾಂತರವೆಲ್ಲ ನಮ್ಮ ಮುರಕಲ್ಲಿನ ಗೋಡೆಯ ಒಳಗೇ ಹುಟ್ಟಿದ್ದು. ಆ ಗೋಡೆಯ ಒಳಗೆ ವೈರು ಎಳೆದವನು ನಾನು.

ಮೂವತ್ತು ವರ್ಷದಿಂದ ಮನೆ ವೈರಿಂಗ್ ನನ್ನ ಕಸುಬು. ಸುತ್ತಲಿನ ನಾಲ್ಕು ಊರುಗಳಲ್ಲಿ ನಾನು ಹಾಕಿದ ಅರ್ಥಿಂಗ್ ಬಗ್ಗೆ ಇವತ್ತಿಗೂ ಯಾರೂ ದೂರು ಹೇಳಿಲ್ಲ. ಜಂಬಕ್ಕೇ ಹೇಳುತ್ತಿದ್ದೇನೆ, ಮುಂದಿನ ಕಥೆಗೆ ಆ ಜಂಬ ಬೇಕು.

2020ರ ಲಾಕ್‌ಡೌನಿನಲ್ಲಿ, ಏಪ್ರಿಲ್ 12ರ ಈಸ್ಟರಿಗೆ, ಅಯ್ಯನವರ, ಅಂದರೆ ನಮ್ಮ ಪಾದ್ರಿಯವರ, ಮೊಬೈಲನ್ನು ಕ್ಯಾಮೆರಾ ಸ್ಟ್ಯಾಂಡಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಆರಾಧನೆಯ ಲೈವ್ ಶುರುಮಾಡಿದ್ದು. ಖಾಲಿ ಬೆಂಚುಗಳು, ಅಯ್ಯನವರು, ಅಮ್ಮನವರು, ಕೀಬೋರ್ಡಿಗೆ ಒಬ್ಬ, ನಾನು. ನಮ್ಮದು ಬಾಸೆಲ್ ಮಿಷನ್ನಿನವರ ಕಾಲದ ಕಟ್ಟಡ. ಗೋಡೆ ಎರಡಡಿ ದಪ್ಪ, ಮೇಲೆ ಹಂಚು. ಅಯ್ಯನವರ ಬಂಗ್ಲೆಯ ವೈಫೈ ಆ ಗೋಡೆ ದಾಟಿ ಬರುವಷ್ಟರಲ್ಲಿ ಉಸಿರು ಬಿಟ್ಟಿರುತ್ತಿತ್ತು. ಕಿಟಕಿಯ ಪಕ್ಕ ಕೂತರೆ ಸಿಗ್ನಲ್, ಅಲ್ಲಿ ಕೂತರೆ ಬೆಳಕು ಎದುರಾಗಿ ಅಯ್ಯನವರ ಮುಖ ಕಪ್ಪು. ಹಾಗೇ ಆರು ತಿಂಗಳು ಕಳೆಯಿತು. ಆಮೇಲೆ ಬಾಗಿಲು ತೆರೆದರೂ ಲೈವ್ ನಿಲ್ಲಿಸುವ ಹಾಗಿರಲಿಲ್ಲ. ಹಾಸಿಗೆ ಹಿಡಿದವರು, ಮುಂಬಯಿಯಲ್ಲಿ ಮಕ್ಕಳ ಮನೆ ಸೇರಿದವರು, ಕುವೈತಿನಲ್ಲಿ ಕೆಲಸಕ್ಕಿದ್ದವರು ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿತ್ತು. 1843ರಲ್ಲೇ 'ಮಂಗಳೂರು ಸಮಾಚಾರ' ಅಚ್ಚು ಹಾಕಿ ಸುದ್ದಿ ಮುಟ್ಟಿಸಿದವರ ವಂಶ ನಮ್ಮದು, ಒಂದು ಆರಾಧನೆ ಮುಟ್ಟಿಸಲಾರೆವೇ ಎಂದು ನಮ್ಮ ಕಾರ್ಯದರ್ಶಿಯವರು ಮೀಟಿಂಗಿನಲ್ಲಿ ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ದುಡ್ಡು ಮಾತ್ರ ಚಪ್ಪಾಳೆಯಷ್ಟು ಸಲೀಸಾಗಿ ಬೀಳಲಿಲ್ಲ.

ಮೊದಲ ಪಾಠ ಕಲಿಸಿದ್ದು ಬೆರಳುಗುರಿನಷ್ಟು ದೊಡ್ಡ ಒಂದು ಗುಂಡಿ. ತಿರುಗುವ ಕ್ಯಾಮೆರಾ ಒಂದನ್ನು ದಾನಿಯೊಬ್ಬರು ಕೊಟ್ಟರು. ಅದಕ್ಕೆ ಒಂದೇ ಕೇಬಲ್ಲು. ಚಿತ್ರವೂ ಅದರಲ್ಲೇ, ಕರೆಂಟೂ ಅದರಲ್ಲೇ. ಹಾಗೆ ಕರೆಂಟನ್ನೂ ಕೊಡುವ ನೆಟ್‌ವರ್ಕ್ ಸ್ವಿಚ್ ಸಿಸಿಟಿವಿ ಹಾಕುವವರ ಹತ್ತಿರ ಅಗ್ಗಕ್ಕೆ ಸಿಗುತ್ತದೆಂದು ತಂದು ಹಾಕಿದೆ. ಒಂದು ವಾರ ಚೆನ್ನಾಗಿತ್ತು. ಮರುವಾರದಿಂದ ಚಿತ್ರ ಹೆಪ್ಪುಗಟ್ಟುವುದು, ಬಿಡುವುದು, ಮತ್ತೆ ಹೆಪ್ಪುಗಟ್ಟುವುದು. ಕೇಬಲ್ ಬದಲಿಸಿದೆ, ತುದಿಯನ್ನು ಮೂರು ಸಲ ಕ್ರಿಂಪ್ ಮಾಡಿದೆ, ಕ್ಯಾಮೆರಾ ಬಿಚ್ಚಿ ಮಂಗಳೂರಿಗೆ ಒಯ್ದು ತೋರಿಸಿದೆ. ಐದನೆಯ ವಾರ ಕೈದೀಪ ಹಿಡಿದು ನೋಡಿದರೆ ಸ್ವಿಚ್ಚಿನ ಬದಿಯಲ್ಲಿ 'ಎಕ್ಸ್‌ಟೆಂಡ್' ಎಂದು ಬರೆದ ಸಣ್ಣ ಜಾರುಗುಂಡಿ. ನೂರು ಮೀಟರಿಗೆ ಮುಗಿಯಬೇಕಾದ ಕೇಬಲ್ಲನ್ನು 250 ಮೀಟರ್ ತನಕ ಎಳೆಯಲು ಕೊಟ್ಟ ಅನುಕೂಲ ಅದು. ಅದನ್ನು ಜಾರಿಸಿದರೆ ವೇಗ 100 ಎಂಬಿಪಿಎಸ್‌ನಿಂದ 10ಕ್ಕೆ ಇಳಿಯುತ್ತದೆ. ನಮ್ಮ ಕ್ಯಾಮೆರಾ ಕೇಳುವುದು 16. ಶನಿವಾರ ಧೂಳು ಹೊಡೆಯುವಾಗ ಬಟ್ಟೆ ತಾಗಿ ಗುಂಡಿ ಜಾರಿದೆ, ಅಷ್ಟೇ. ಆ ಐದು ವಾರವೂ ನಾನು ಹೇಳಿದ್ದು, ನಿಮಗೆ ಗೊತ್ತೇ ಇದೆ, ಇಂಟರ್ನೆಟ್ ಸರಿ ಇಲ್ಲ ಅಂತ.

ಆಮೇಲೆ ನನ್ನ ಅಕ್ಕನ ಮಗ ಎಸ್ಟಿಮೇಟ್ ಮಾಡಿಕೊಟ್ಟ. ಅವನಿಗೆ ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಇದೇ ಕೆಲಸ. ಅಯ್ಯನವರು ನಿಲುವಂಗಿ ತೊಡುವ ವೆಸ್ಟ್ರಿ ಕೋಣೆಗೆ ಒಂದು, ಬಾಲ್ಕನಿಗೆ ಒಂದು, ಎರಡು ಮ್ಯಾನೇಜ್ಡ್ ಸ್ವಿಚ್. ಒಂದಕ್ಕೆ ನಾಲ್ಕೂವರೆ ಸಾವಿರ ಚಿಲ್ಲರೆ. ಖಜಾಂಚಿಯವರು ಕಾಗದವನ್ನು ಕನ್ನಡಕದ ಮೇಲಿಂದ ನೋಡಿದರು. "ಲೈಟು ಮಿಣುಕುವ ಡಬ್ಬಿಗೆ ಇಷ್ಟಾ? ಇದೇ ಡಬ್ಬಿ ಒಂದೂಕಾಲು ಸಾವಿರಕ್ಕೆ ಸಿಗುತ್ತಲ್ಲ ಮಾರಾಯ್ರೆ" ಎಂದರು. ಇಲ್ಲಿಯ ತನಕ ಎಲ್ಲರಿಗೂ ನಾನು ಹೇಳುತ್ತ ಬಂದದ್ದು ಅವರು ಕತ್ತರಿ ಹಾಕಿದರು ಎಂದು. ಕತ್ತರಿ ಅವರ ಕೈಯಲ್ಲಿದ್ದದ್ದು ಹೌದು. ಆದರೆ ಆ ಮೀಟಿಂಗಿನಲ್ಲಿ "ಹೌದು ಸಾರ್, ಅದೂ ಆಗುತ್ತದೆ, ಒಳಗೆ ಇರುವುದು ಒಂದೇ" ಎಂದವನು ಯಾರು ಎಂಬುದು ಮಿನಿಟ್ಸ್ ಪುಸ್ತಕದಲ್ಲಿ ಇದೆ.

ಉಳಿದ ದುಡ್ಡಿನಲ್ಲಿ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ವೆಸ್ಟ್ರಿಯಿಂದ ಬಾಲ್ಕನಿಗೆ 45 ಮೀಟರ್. ಬೂದು ಬಣ್ಣದ ಕ್ಯಾಟ್‌ಸಿಕ್ಸ್ ಕೇಬಲ್ ಒಂದನ್ನು ಎಳೆಯುವಾಗ ಜೊತೆಗೆ ನೀಲಿಯದನ್ನೂ ಎಳೆದುಬಿಟ್ಟೆ. ನಮ್ಮ ಕಸುಬಿನಲ್ಲಿ ಅದೇ ಕ್ರಮ: ಒಂದು ಲೈನಿಗೆ ಭಾರ ಹೆಚ್ಚಾದರೆ ಜೊತೆಗೆ ಇನ್ನೊಂದು ಕೊಡು, ಎರಡೂ ಹಂಚಿಕೊಳ್ಳುತ್ತವೆ. ಅಳಿಯ ಫೋನಿನಲ್ಲಿ ಬೊಬ್ಬೆ ಹೊಡೆದ. "ಮಾವ, ಆ ಸ್ವಿಚ್ಚಿಗೆ ಎರಡೂ ಒಟ್ಟಿಗೆ ಹಾಕಬೇಡಿ. ದಮ್ಮಯ್ಯ, ಹಾಕಬೇಡಿ." (ತುಳುವಿನಲ್ಲಿ ಹೇಳಿದ್ದು ಇದಕ್ಕಿಂತ ಖಾರವಾಗಿತ್ತು.) ಯಾಕೆ ಎಂದು ವಿವರಿಸಲು ಹೊರಟ, ನಾನು ಏಣಿಯ ಮೇಲಿದ್ದೆ, ಆಯ್ತು ಆಯ್ತು ಎಂದು ಇಟ್ಟುಬಿಟ್ಟೆ. ನೀಲಿ ವೈರಿನ ವೆಸ್ಟ್ರಿ ಕಡೆಯ ತುದಿಯನ್ನು ಸ್ವಿಚ್ಚಿಗೆ ಸಿಕ್ಕಿಸಿ, ಬಾಲ್ಕನಿಯ ತುದಿಯನ್ನು ಸುತ್ತಿ ಮೊಳೆಗೆ ತೂಗುಹಾಕಿದೆ. ಬೇಕಾದಾಗ ಅರ್ಧ ಕೆಲಸ ಮುಗಿದಿರಲಿ ಎಂದು.

2023ರ ಏಪ್ರಿಲ್ 7, ಶುಭ ಶುಕ್ರವಾರ. ನಮ್ಮಲ್ಲಿ ಅವತ್ತು ಗಂಟೆ ಇಲ್ಲ, ಹೂವಿಲ್ಲ, ಎಲ್ಲರೂ ಬಿಳಿ. ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಶಿಲುಬೆಯ ಏಳು ಮಾತುಗಳ ಧ್ಯಾನ. ಏಳು ಜನ ಮಾತಾಡುತ್ತಾರೆ, ನಡುನಡುವೆ ಕೀರ್ತನೆ, ಮೌನ ಪ್ರಾರ್ಥನೆ. ಕುವೈತಿನಲ್ಲಿ ಶುಕ್ರವಾರ ವಾರದ ರಜೆ, ಅಲ್ಲಿಗೆ ಆಗ ಬೆಳಿಗ್ಗೆ ಒಂಬತ್ತೂವರೆ. ಹಾಗಾಗಿ ವರ್ಷದಲ್ಲಿ ಅತಿ ಹೆಚ್ಚು ಮನೆಗಳು ನಮ್ಮನ್ನು ನೋಡುವುದು ಕ್ರಿಸ್ಮಸ್ಸಿಗಲ್ಲ, ಅವತ್ತು.

ಮೂರನೆಯ ಮಾತಿನ ತನಕ ನೀರಿನ ಹಾಗೆ ಹರಿಯಿತು. ಒಂದೂಕಾಲರ ಹೊತ್ತಿಗೆ ಲೈವ್ ಕಳಿಸುವ ಓಬಿಎಸ್ ತಂತ್ರಾಂಶದ ಮೂಲೆಯಲ್ಲಿ ಹಸಿರು ಚೌಕ ಹಳದಿಯಾಯಿತು, ಆಮೇಲೆ ಕೆಂಪು. ಚೌಕಟ್ಟುಗಳು ಉದುರುತ್ತಿವೆ ಎಂದು ಅರ್ಥ. ಲೈವ್ ನಿಂತಿರಲಿಲ್ಲ, ತೊದಲುತ್ತಿತ್ತು. ಸುಮ್ಮನೆ ಬಿಟ್ಟಿದ್ದರೆ ತೊದಲಿಕೊಂಡೇ ಮೂರು ಗಂಟೆ ಮುಟ್ಟುತ್ತಿತ್ತು ಎಂದು ಈಗ ಗೊತ್ತು. ನನಗೆ ಕಂಡದ್ದು ಮಾತ್ರ ಮೊಳೆಯಲ್ಲಿ ತೂಗುತ್ತಿದ್ದ ನೀಲಿ ವೈರು. ಲೈನಿಗೆ ಭಾರ ಹೆಚ್ಚಾಗಿದೆ, ಇದನ್ನೂ ಕೊಡೋಣ. ತುದಿ ಹಿಡಿದು ಖಾಲಿ ಪೋರ್ಟಿಗೆ ಒತ್ತಿದೆ. ಟಕ್ ಎಂದಿತು. ಆ ಟಕ್ ಶಬ್ದ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಎಣಿಸಿ ಮೂರು ಸೆಕೆಂಡು ಇರಬಹುದು. ಕ್ಯಾಮೆರಾ ಕಪ್ಪು. ಕೀರ್ತನೆಯ ಸಾಲು ಬರುತ್ತಿದ್ದ ಎದುರಿನ ಎರಡು ಟಿವಿ ಕಪ್ಪು. ಲೈವ್ ಕಡಿದು ಹೋಯಿತು. ಸ್ವಿಚ್ಚಿನ ಎಂಟೂ ದೀಪಗಳು ಒಂದೇ ತಾಳದಲ್ಲಿ, ಹುಚ್ಚು ಹಿಡಿದ ಹಾಗೆ ಮಿಣುಕತೊಡಗಿದವು. ನಾನು ಅದನ್ನು ನೋಡಿ ಸಮಾಧಾನಪಟ್ಟುಕೊಂಡೆ! ಸ್ವಿಚ್ ಸತ್ತಿಲ್ಲ, ಜೋರಾಗಿ ಕೆಲಸ ಮಾಡುತ್ತಿದೆ, ಹೋದದ್ದು ಇಂಟರ್ನೆಟ್ಟೇ ಎಂದು.

ಬಾಲ್ಕನಿಯಲ್ಲಿ ಕೀರ್ತನೆಯ ಸಾಲು ಬದಲಿಸಲು ಕೂರುವವಳು ಒಂಬತ್ತನೇ ಕ್ಲಾಸಿನ ಹುಡುಗಿ. ಅವಳು ಮೆಲ್ಲಗೆ, "ಅಂಕಲ್, ನೀವು ಈಗ ಹಾಕಿದ ನೀಲಿ ವೈರ್ ಒಮ್ಮೆ ತೆಗೆದು ನೋಡ್ಲಿಕ್ಕೆ ಆಗ್ತದಾ?" ಎಂದಳು.

"ನೀನು ಸುಮ್ನೆ ಕೂತ್ಕೊ. ಎಂತ ಗೊತ್ತುಂಟು ನಿನಗೆ" ಎಂದೆ.

ಕೆಳಗೆ ನಾಲ್ಕನೆಯ ಮಾತಿಗೆ ಎದ್ದಿದ್ದವರು ವಯಸ್ಸಾದ ಟೀಚರೊಬ್ಬರು. ಸಣ್ಣ ಸ್ವರ. ಅವರಿಗಾಗಿ ಆ ಮೈಕನ್ನು ನಾನು ಮೊದಲೇ ಚೆನ್ನಾಗಿ ಏರಿಸಿಟ್ಟಿದ್ದೆ. ಮುಗಿದ ಕೂಡಲೇ ಇಳಿಸಬೇಕು. ನಮ್ಮ ಮಿಕ್ಸರಿಗೆ ಕೈಯಲ್ಲಿ ಎಳೆಯುವ ಗುಂಡಿಗಳಿಲ್ಲ. ಪೆಟ್ಟಿಗೆ ವೆಸ್ಟ್ರಿಯಲ್ಲಿ, ಏರಿಸುವುದು ಇಳಿಸುವುದು ಎಲ್ಲ ನನ್ನ ಕೈಯ ಟ್ಯಾಬಿನಲ್ಲಿ, ವೈಫೈ ಮೇಲೆ. ಆ ವೈಫೈ ಡಬ್ಬಿಗೂ ವೈರು ಬಂದಿರುವುದು ಅದೇ ಸ್ವಿಚ್ಚಿನಿಂದ. ಟೀಚರು ಮಾತು ಮುಗಿಸಿದರು. ಅಯ್ಯನವರು ಮೌನ ಪ್ರಾರ್ಥನೆಗೆ ಕರೆದರು. ಮುನ್ನೂರು ಜನ ತಲೆ ತಗ್ಗಿಸಿದರು. ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಆಗ ಮೈಕು ಎಲ್ಲಿಂದಲೋ ಸಣ್ಣಗೆ 'ಊಂ' ಎಂದು ಎಳೆಯಿತು. ಟ್ಯಾಬಿನ ಮೇಲೆ ಬೆರಳು ಇಳಿಸಿದೆ. ಏನೂ ಆಗಲಿಲ್ಲ. ಪರದೆಯಲ್ಲಿ ಚಕ್ರ ತಿರುಗುತ್ತಿದೆ. 'ಊಂ' ಬೆಳೆಯಿತು, ತೆಳುವಾಯಿತು, ಕೀರಲಾಯಿತು, ಕಡೆಗೆ ಕಿವಿಗೆ ದಬ್ಬಣ ಚುಚ್ಚಿದ ಹಾಗೆ ಇಡೀ ಚರ್ಚನ್ನು ತುಂಬಿತು. ತೊಟ್ಟಿಲ ಮಕ್ಕಳು ಚೀರಿದವು. ತಗ್ಗಿದ ತಲೆಗಳು ಒಂದೊಂದಾಗಿ ಎದ್ದು, ತಿರುಗಿ, ಬಾಲ್ಕನಿಯ ಕಡೆ ನೋಡಿದವು.

ಮರದ ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ತಿಳಿಯದು. ಹೊರಗಿಂದ ಸುತ್ತಿ ಹೋಗಲು ಹೊತ್ತಿಲ್ಲ. ನಡುದಾರಿಯಲ್ಲೇ ಬಿಳಿ ಅಂಗಿ ಹಾಕಿದ ಮುನ್ನೂರು ಜನರ ಮಧ್ಯೆ ಓಡಿದೆ. ವೆಸ್ಟ್ರಿಗೆ ನುಗ್ಗಿ ಆಂಪ್ಲಿಫೈಯರಿನ ಮೇನ್ ಎಳೆದೆ. ಸದ್ದು ನಿಂತಿತು. ಎಲ್ಲ ಸದ್ದೂ ನಿಂತಿತು. ಅಯ್ಯನವರು ಒಂದು ಗಳಿಗೆ ತಡೆದು, ಬರಿಗಂಟಲಿನಲ್ಲಿ ಆರಾಧನೆ ಮುಂದುವರಿಸಿದರು. ನಾನು ಅಲ್ಲೇ ನೆಲದಲ್ಲಿ ಕೂತು ರೂಟರನ್ನು ಆರಿಸಿ ಹಾಕಿದೆ. ಮತ್ತೆ ಆರಿಸಿ ಹಾಕಿದೆ. ಇನ್ನೂ ಒಮ್ಮೆ. ಇಂಟರ್ನೆಟ್ ಕಂಪನಿಗೆ ಫೋನು ಮಾಡಿ, ಆ ಪವಿತ್ರ ಹೊತ್ತಿನಲ್ಲಿ, ವೆಸ್ಟ್ರಿಯಲ್ಲಿ ನಿಂತು, ಬರೆಯಲಾಗದ ಮಾತೊಂದನ್ನು ಆಡಿದೆ. ಅವನು ಪಾಪ, "ಸಾರ್, ಇಲ್ಲಿಂದ ನಿಮ್ಮ ಲೈನು ಸರಿ ಕಾಣ್ತದೆ" ಎನ್ನುತ್ತಲೇ ಇದ್ದ.

ಇಪ್ಪತ್ತೆರಡು ನಿಮಿಷ. ಅಷ್ಟರಲ್ಲಿ ಮೊಬೈಲಿಗೆ 41 ಮೆಸೇಜು. ಕೊನೆಗೆ ಅಳಿಯನೇ ಫೋನು ಮಾಡಿದ. ಅವನೂ ಬೆಂಗಳೂರಿನಲ್ಲಿ ಕೂತು ನೋಡುತ್ತಿದ್ದನಂತೆ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಮಾವ, ಸ್ವಿಚ್ಚಿನ ಲೈಟು ಎಲ್ಲ ಒಟ್ಟಿಗೆ ಮಿಣುಕುತ್ತಾ ಉಂಟಾ?"

ನಾನು ಉತ್ತರ ಕೊಡಲಿಲ್ಲ. ಎದುರಿಗಿದ್ದ ವೆಸ್ಟ್ರಿ ಸ್ವಿಚ್ಚಿನಿಂದ ನೀಲಿ ತುದಿಯನ್ನು ಕಿತ್ತೆ. ಐದು ಸೆಕೆಂಡಿನಲ್ಲಿ ಟಿವಿಗೆ ಕೀರ್ತನೆ ಬಂತು.

ಆರಾಧನೆ ಮುಗಿದು ಎಲ್ಲರೂ ಗಂಜಿ ಮತ್ತು ಹುರುಳಿ ಚಟ್ನಿಗೆ ಕೂತಾಗ ನಾನು ಬಾಲ್ಕನಿಯಿಂದ ಇಳಿಯಲಿಲ್ಲ. ಒಬ್ಬ ಹಿರಿಯರು ಮೇಲೆ ಬಂದು, ಐದನೆಯ ಮಾತು ಇಷ್ಟು ಸ್ಪಷ್ಟವಾಗಿ ಕೇಳಿದ್ದು ಎಷ್ಟೋ ವರ್ಷದ ಮೇಲೆ ಎಂದು ಬೆನ್ನು ತಟ್ಟಿದರು. ಮೈಕಿಲ್ಲದ ಕಾಲಕ್ಕೆ ಕಟ್ಟಿದ ಕಟ್ಟಡ ಅಲ್ಲವೇ. ಸಮಾಧಾನಕ್ಕೆ ಹೇಳಿದರೋ ಚುಚ್ಚಿದರೋ ತಿಳಿಯಲಿಲ್ಲ.

ಆದದ್ದೇನು ಎಂಬುದನ್ನು ಅಳಿಯ ಮರುದಿನ ಹೇಳಿದ. ಈ ಸಲ ನೆಲದ ಮೇಲೆ ಕೂತು ಕೇಳಿದೆ. ನೆಟ್‌ವರ್ಕಿನಲ್ಲಿರುವ ಯಂತ್ರಗಳು ಆಗಾಗ "ಈ ವಿಳಾಸದವರು ಯಾರಪ್ಪಾ?" ಎಂದು ಎಲ್ಲರನ್ನೂ ಕೂಗಿ ಕೇಳುತ್ತವೆ. ಸ್ವಿಚ್ ಆ ಕೂಗನ್ನು ಬಂದ ಬಾಗಿಲೊಂದನ್ನು ಬಿಟ್ಟು ಉಳಿದೆಲ್ಲ ಬಾಗಿಲಿಗೂ ಕಳಿಸುತ್ತದೆ. ಎರಡು ಸ್ವಿಚ್ಚಿನ ನಡುವೆ ಒಂದೇ ವೈರು ಇದ್ದರೆ ಕೂಗು ಹೋಗಿ ಮುಗಿಯುತ್ತದೆ. ಎರಡು ಇದ್ದರೆ ಬೂದು ವೈರಿನಲ್ಲಿ ಹೋದದ್ದು ನೀಲಿಯಲ್ಲಿ ವಾಪಸು, ನೀಲಿಯಲ್ಲಿ ಹೋದದ್ದು ಬೂದಿನಲ್ಲಿ ವಾಪಸು. ಆ ಕೂಗಿಗೆ ಇಷ್ಟು ಸುತ್ತು ತಿರುಗಿದ ಮೇಲೆ ಸಾಯಬೇಕೆಂಬ ಲೆಕ್ಕವೇ ಇಲ್ಲ. ಒಂದು ಕೂಗು ಕ್ಷಣದಲ್ಲಿ ಲಕ್ಷವಾಗುತ್ತದೆ, ನಿಜವಾದ ಮಾತಿಗೆ ದಾರಿಯೇ ಉಳಿಯುವುದಿಲ್ಲ. ಕರೆಂಟು ಎರಡು ವೈರಿನಲ್ಲಿ ಭಾರ ಹಂಚಿಕೊಳ್ಳುತ್ತದೆ. ಇದು ಹಂಚಿಕೊಳ್ಳುವುದಿಲ್ಲ, ಸುತ್ತು ಹಾಕುತ್ತದೆ. ಮೂವತ್ತು ವರ್ಷದ ಕಸುಬು ನನ್ನನ್ನು ಅಡ್ಡದಾರಿಗೆ ಎಳೆದದ್ದು ಇಲ್ಲಿ.

ಇದಕ್ಕೆ ಔಷಧ ಇಲ್ಲವೆಂದಲ್ಲ. ರಾಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಎಂಜಿನಿಯರಮ್ಮ 1985ರಲ್ಲೇ ಉಪಾಯ ಕಂಡುಹಿಡಿದಿದ್ದಾರೆ. ಸ್ಪ್ಯಾನಿಂಗ್ ಟ್ರೀ ಎಂದು ಹೆಸರು. ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಎರಡು ದಾರಿ ಇದ್ದರೆ ಒಂದನ್ನು ಮುಚ್ಚಿಟ್ಟುಕೊಳ್ಳುತ್ತವೆ. ಮೊದಲನೆಯದು ಕಡಿದರೆ ಮಾತ್ರ ಎರಡನೆಯದನ್ನು ತೆರೆಯುತ್ತವೆ. ನಾನು ಐಟಿಐ ಸೇರುವ ಮೊದಲೇ ಆಗಿದ್ದ ಕೆಲಸ. ನಾಲ್ಕೂವರೆ ಸಾವಿರದ ಡಬ್ಬಿಯಲ್ಲಿ ಅದಿತ್ತು, ಒಂದೂಕಾಲು ಸಾವಿರದ್ದರಲ್ಲಿ ಇರಲಿಲ್ಲ. ಒಳಗೆ ಇರುವುದು ಒಂದೇ ಅಲ್ಲ.

ಮೊದಲು ತೊದಲಿದ್ದಕ್ಕೆ ಕಾರಣ ಬೇರೆ, ಅದನ್ನು ಹೇಳದೆ ಬಿಟ್ಟರೆ ನನಗೆ ನಿದ್ದೆ ಬಾರದು. ಗರಿಗಳ ಭಾನುವಾರದ ಅಭ್ಯಾಸದ ದಿನ, ಹುಡುಗರು ಯೂಟ್ಯೂಬ್ ನೋಡಿ ರಾಗ ಕಲಿಯಲಿ ಎಂದು ಕಾರ್ಯದರ್ಶಿಯವರು ಚರ್ಚಿನ ವೈಫೈ ಪಾಸ್‌ವರ್ಡನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಶುಕ್ರವಾರ ಅರವತ್ತು ಎಪ್ಪತ್ತು ಮೊಬೈಲುಗಳು ಯಾರ ಅಪ್ಪಣೆಯೂ ಇಲ್ಲದೆ ತಾವೇ ಒಳಗೆ ಸೇರಿಕೊಂಡು, ಹಳೆಯ ಮದುವೆ ಫೋಟೋಗಳನ್ನೆಲ್ಲ ಮೇಲಕ್ಕೆ ಕಳಿಸುತ್ತ ಕೂತಿದ್ದವು. ನಾವು ಕಳಿಸುವುದು 4,500 ಕೆಬಿಪಿಎಸ್, ಅದಕ್ಕೂ ಜಾಗ ಬಿಡಲಿಲ್ಲ. ಕಾರ್ಯದರ್ಶಿಯವರು ಇದನ್ನು ಇಂದಿಗೂ ಒಪ್ಪುವುದಿಲ್ಲ.

ಈಗ ಹೊಸ ಸ್ವಿಚ್ಚುಗಳು ಬಂದಿವೆ. ಖಜಾಂಚಿಯವರು ತುಟಿ ಪಿಟಕ್ಕೆನ್ನದೆ ಸಹಿ ಹಾಕಿದರು. ಲೈವ್‌ಗೆ ಒಂದು, ಮಿಕ್ಸರಿಗೆ ಒಂದು, ಜನರ ವೈಫೈಗೆ ಒಂದು ಎಂದು ಅದೇ ಡಬ್ಬಿಯೊಳಗೆ ಬೇಲಿ ಹಾಕಿ ಬೇರೆ ಮಾಡಿದ್ದೇವೆ. ಆರಾಧನೆಯ ಹೊತ್ತಿಗೆ ಜನರದ್ದು ಆರಿರುತ್ತದೆ. ಕ್ಯಾಮೆರಾ, ಕಂಪ್ಯೂಟರ್ ಯಾವುದೂ ವೈಫೈ ಮೇಲಿಲ್ಲ. ಒಂದೊಂದಕ್ಕೂ ಬದಲಾಗದ ಐಪಿ ವಿಳಾಸ ಕೊಟ್ಟು, ಪಟ್ಟಿಯನ್ನು ರಟ್ಟಿಗೆ ಅಂಟಿಸಿ ಗೋಡೆಗೆ ಹಾಕಿದೆ. ಕೇಬಲ್ಲಿನ ಎರಡೂ ತುದಿಗೆ ಹೆಸರಿನ ಚೀಟಿ. ಇನ್ವರ್ಟರನ್ನು ಯುಪಿಎಸ್ ಮೋಡಿಗೆ ಇಟ್ಟೆ. ಇಲ್ಲವಾದರೆ ಕರೆಂಟು ಹೋಗಿ ಬರುವ ಕಣ್ಣುರೆಪ್ಪೆಯ ಹೊತ್ತಿಗೆ ಸ್ವಿಚ್ ಸತ್ತು ಹುಟ್ಟಿ ಎರಡು ನಿಮಿಷ ನುಂಗುತ್ತದೆ. ಆಂಪ್ಲಿಫೈಯರಿಗೆ ಹೋಗುವ ಮೇನ್ ಸ್ವಿಚ್ಚೊಂದನ್ನು ಬಾಲ್ಕನಿಗೂ ಎಳೆದಿದ್ದೇನೆ, ಯಾಕೆಂದು ಹೇಳಬೇಕಿಲ್ಲ. ಪರೀಕ್ಷೆ ಮಾಡುವುದು ಗುರುವಾರ, ಒಬ್ಬನೇ ಅಲ್ಲ, ಗಾಯನ ತಂಡ ಪೂರ್ತಿ ಇರುವಾಗ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಬಂಗ್ಲೆಯಿಂದ ಚರ್ಚಿಗೆ ನಾನು ಮರದಿಂದ ಮರಕ್ಕೆ ಕಟ್ಟಿ ತಂದಿದ್ದ ತಾಮ್ರದ ಕೇಬಲ್ಲು ಒಂದು ಮೇ ತಿಂಗಳ ಸಿಡಿಲಿಗೆ ಎರಡು ಕಡೆಯ ಡಬ್ಬಿಗಳನ್ನೂ ಸುಟ್ಟಿತು. ಅರ್ಥಿಂಗ್ ನನ್ನದೇ, ಏನೂ ಮಾಡಲಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಹೋಗುವುದಾದರೆ ಫೈಬರ್ ಹಾಕಿ. ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ.

ಹೊಸ ಸ್ವಿಚ್ ಹಾಕಿದ ದಿನ ಅಳಿಯ ಊರಿಗೆ ಬಂದಿದ್ದ. ಎಲ್ಲ ಮುಗಿದ ಮೇಲೆ, "ಮಾವ, ಈಗ ಆ ನೀಲಿಯನ್ನು ಹಾಕಬಹುದು. ನೀವು ಮೊದಲು ಅಂದುಕೊಂಡದ್ದು ಈಗ ಸರಿ" ಎಂದ. ವೈರು ಮತ್ತೆ ಮೊಳೆಯಲ್ಲೇ ತೂಗುತ್ತಿತ್ತು. ನಾನು ತುದಿ ಹಿಡಿದೆ, ಪೋರ್ಟಿನ ಹತ್ತಿರ ಒಯ್ದೆ, ಕೈ ಮುಂದೆ ಹೋಗಲಿಲ್ಲ. ಪಕ್ಕದಲ್ಲಿ ಹತ್ತನೇ ಕ್ಲಾಸಿಗೆ ಕಾಲಿಟ್ಟಿದ್ದ ಆ ಹುಡುಗಿ ನಿಂತಿದ್ದಳು. ಅವಳಲ್ಲಿ ನಾನು ತಪ್ಪಾಯ್ತು ಎಂದಿರಲಿಲ್ಲ, ಇವತ್ತಿನ ತನಕವೂ ಎಂದಿಲ್ಲ. ತುದಿಯನ್ನು ಅವಳ ಕೈಗೆ ಕೊಟ್ಟೆ. ಟಕ್ ಎಂದಿತು. ನಾನು ಟಿವಿಗಳನ್ನು ನೋಡಿದೆ, ಉರಿಯುತ್ತಿದ್ದವು. ಅಳಿಯ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಆ ಪೋರ್ಟಿನ ಎದುರು 'ಬ್ಲಾಕಿಂಗ್' ಎಂದಿತ್ತು. ಆಮೇಲೆ ಅವಳು ಯಾರನ್ನೂ ಕೇಳದೆ ಬೂದು ವೈರನ್ನು ಎಳೆದು ತೆಗೆದಳು. ಕ್ಯಾಮೆರಾದ ಚಿತ್ರ ಒಂದು ಗಳಿಗೆ ತಡವರಿಸಿ, ಖಾಲಿ ಬೆಂಚುಗಳನ್ನು ಮತ್ತೆ ತೋರಿಸತೊಡಗಿತು.

"ಸಿಕ್ಕಿಸು, ಸಿಕ್ಕಿಸು ಅದನ್ನು" ಎಂದೆ.